ತಿಳಿದಿದೆ ಅನ್ನುವ ಮುಂಚೆ: ಧಾರಾವಿಯ ಓದುವ ಮಕ್ಕಳಿಗೆ ಒಂಬತ್ತು ಸೂತ್ರ

ಹೊಲಿಗೆ ಮಷೀನು ಹೊಲಿಯುವುದು ಹೇಗೆ? ಧಾರಾವಿಯಲ್ಲಿ ಯಾರನ್ನಾದರೂ ಕೇಳಿ ನೋಡಿ, ನಕ್ಕುಬಿಟ್ಟಾರು. ನೈಂಟಿ ಫೀಟ್ ರೋಡಿನಿಂದ ಒಳಗಿನ ಗಲ್ಲಿಗಳಿಗೆ ಹೊಕ್ಕರೆ ಮಾಳಿಗೆಯ ಮೇಲಿಂದ ಮಷೀನಿನ ಸದ್ದು ಕೇಳುತ್ತಲೇ ಇರುತ್ತದೆ. ಬಟ್ಟೆ, ಚರ್ಮದ ಚೀಲ, ಬೆಲ್ಟು, ಪರ್ಸು ಇಲ್ಲಿ ಹೊಲಿದು ಊರೂರಿಗೆ ಹೋಗುತ್ತವೆ. ‘ಸೂಜಿ ಕೆಳಗ ಹೋಗ್ತದ, ಮ್ಯಾಲ ಬರ್ತದ, ಹೊಲಿಗಿ ಬೀಳ್ತದ, ಅಷ್ಟೇ’ ಎಂದು ಹುಡುಗ ಹೇಳುತ್ತಾನೆ. ಸರಿ. ಆದರೆ ಸೂಜಿ ಬಟ್ಟೆಯನ್ನು ಪೂರ್ತಿ ದಾಟಿ ಆಚೆ ಬರುವುದೇ ಇಲ್ಲ, ದಾರದ ಇನ್ನೊಂದು ತುದಿ ರೀಲಿನಲ್ಲೇ ಸುತ್ತಿಕೊಂಡಿದೆ. ಹಾಗಿದ್ದರೆ ಮೇಲಿನ ದಾರ, ಅಡಿಯ ಬಾಬಿನ್ನಿನ ದಾರ ಎರಡೂ ಒಂದನ್ನೊಂದು ಹಿಡಿದುಕೊಳ್ಳುವುದು ಹೇಗೆ? ಇಲ್ಲಿಗೆ ಬಂದಾಗ ಮಾತು ತಡವರಿಸುತ್ತದೆ. (ಮಷೀನಿನ ಸೂಜಿಗೆ ಕಣ್ಣು ಇರುವುದು ಮೊನೆಯ ಹತ್ತಿರ. ಕೆಳಗಿಳಿದ ಸೂಜಿ ಮೇಲೇರತೊಡಗಿದ ಕ್ಷಣ ದಾರ ಸಡಿಲಾಗಿ ಸಣ್ಣ ಕುಣಿಕೆಯಾಗುತ್ತದೆ. ಅಡಿಯಲ್ಲಿ ತಿರುಗುವ ಕೊಕ್ಕೆ ಆ ಕುಣಿಕೆಯನ್ನು ಹಿಡಿದು ಬಾಬಿನ್ನಿನ ಸುತ್ತ ದಾಟಿಸಿಬಿಡುತ್ತದೆ.)

2002ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಲಿಯೊನಿಡ್ ರೋಜನ್‌ಬ್ಲಿಟ್ ಮತ್ತು ಫ್ರಾಂಕ್ ಕೀಲ್ ಜನರಿಗೆ ಇದೇ ಬಗೆಯ ಪ್ರಶ್ನೆಗಳನ್ನು ಕೇಳಿದರು. ಹೊಲಿಗೆ ಮಷೀನು, ಚೀಲದ ಚೈನು, ಬೀಗ, ಪಾಯಿಖಾನೆಯ ಫ್ಲಶ್ಶು, ಹೆಲಿಕಾಪ್ಟರು ಎಲ್ಲ ಅವರ ಪಟ್ಟಿಯಲ್ಲಿದ್ದವು. ಇವು ನಿಮಗೆ ಎಷ್ಟು ಗೊತ್ತು, 1ರಿಂದ 7ರೊಳಗೆ ಒಂದು ಅಂಕ ಕೊಟ್ಟುಕೊಳ್ಳಿ ಅಂದರು. ಜನ ಧಾರಾಳವಾಗಿ ಕೊಟ್ಟುಕೊಂಡರು. ಆಮೇಲೆ ಹಂತ ಹಂತವಾಗಿ ಬರೆದು ತೋರಿಸಿ ಅಂದರು. ಬರೆದ ಮೇಲೆ ಮತ್ತೆ ಅಂಕ ಕೊಟ್ಟುಕೊಳ್ಳಲು ಹೇಳಿದಾಗ ಅದೇ ಜನ ತಮ್ಮ ಅಂಕವನ್ನು ತಾವೇ ಇಳಿಸಿಕೊಂಡರು.

ಪಾಠ ಓದುವಾಗ ಆಗುವುದೂ ಇದೇ. ಕಲಬುರಗಿ, ಯಾದಗಿರಿ, ರಾಯಚೂರಿನ ಕಡೆಯಿಂದ ಬಂದು ಧಾರಾವಿಯಲ್ಲಿ ನೆಲೆಸಿದ ಮನೆಗಳ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮುಂಬಯಿ ಮಹಾನಗರಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲಿ ಒಂದು. 1967ರಲ್ಲಿ ಪುಣೆಯಲ್ಲಿ ಶುರುವಾದ ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಆದರೆ ಪೇಟೆಯಲ್ಲಿ ಡೈಜೆಸ್ಟುಗಳ ರಾಶಿ ಇರುವುದು ಮರಾಠಿ, ಇಂಗ್ಲಿಷಿನವರಿಗೆ. ಟ್ಯೂಷನ್ ಹೇಳುವವರ ಮಾತು ಹಿಂದಿ, ಮನೆಯ ಮಾತು ಕಲಬುರಗಿ ಕನ್ನಡ, ಪುಸ್ತಕದ ಕನ್ನಡ ಇನ್ನೊಂದೇ ಧಾಟಿಯದು. ಇಷ್ಟರ ನಡುವೆ ಹತ್ತನೇ ತರಗತಿಯ ಮಗು ತನಗೆ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂದು ತಾನೇ ತೀರ್ಮಾನ ಮಾಡಬೇಕು. ನನ್ನ ಲೆಕ್ಕದಲ್ಲಿ ಬರುವುದಿಲ್ಲ ಎಂದು ಗೊತ್ತಿರುವ ಪಾಠದಿಂದ ಅಂಥ ನಷ್ಟವಿಲ್ಲ, ಅದನ್ನು ಹೇಗೋ ಕೇಳಿ ಕಲಿಯುತ್ತಾರೆ. ಬಂದಿದೆ ಎಂದುಕೊಂಡು ಮುಚ್ಚಿಟ್ಟ ಪಾಠವೇ ಮಾರ್ಚ್ ತಿಂಗಳ ಪರೀಕ್ಷೆಯಲ್ಲಿ ಕೈಕೊಡುತ್ತದೆ.

1. ಓದಿದ ಕೂಡಲೇ ನಿಮ್ಮನ್ನು ನೀವು ಕೇಳಿಕೊಳ್ಳಬೇಡಿ

ಪುಟ ಮುಗಿದ ಕೂಡಲೇ ‘ತಿಳೀತಾ?’ ಎಂದು ಕೇಳಿದರೆ ಉತ್ತರ ಯಾವಾಗಲೂ ‘ಹೂಂ’ ಎಂದೇ. ಸಾಲುಗಳು ಇನ್ನೂ ಕಿವಿಯಲ್ಲಿ ಗುಂಯ್‌ಗುಡುತ್ತಿರುತ್ತವೆ, ಆ ಸದ್ದನ್ನೇ ನಾವು ತಿಳಿವಳಿಕೆ ಎಂದು ಎಣಿಸುತ್ತೇವೆ. ಓದಿದವರ ಅಂದಾಜಿಗೂ ಆಮೇಲೆ ಬಂದ ಅಂಕಕ್ಕೂ ಎಷ್ಟು ಹೊಂದಿಕೆ ಎಂದು ಜಾನ್ ಡನ್‌ಲೋಸ್ಕಿ ಮತ್ತು ಅಮಂಡಾ ಲಿಪ್ಕೊ 2007ರಲ್ಲಿ ತಮ್ಮ ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದರು. ಪೂರ್ತಿ ಹೊಂದಿದರೆ 1, ಬರೀ ಊಹೆಯಾದರೆ 0 ಎನ್ನುವ ಅಳತೆಯಲ್ಲಿ ಸರಾಸರಿ ಬಂದದ್ದು 0.27. ಆ ಓದುಗರೆಲ್ಲ ಕಾಲೇಜು ಮೆಟ್ಟಿಲು ಹತ್ತಿದವರು.

ಪರಿಹಾರ ಬಲು ಅಗ್ಗದ್ದು. ಕೀತ್ ಥೀಡ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದಂತೆ, ಓದಿ ಸ್ವಲ್ಪ ಹೊತ್ತು ಬಿಟ್ಟು, ಪುಸ್ತಕ ನೋಡದೆ ಆ ಪಾಠದ ಐದು ಮುಖ್ಯ ಪದ ಬರೆದವರ ಅಂದಾಜು ಬಹಳ ಸುಧಾರಿಸಿತು. ಓದಿದ ತಕ್ಷಣ ಬರೆದವರಿಗೆ ಆ ಲಾಭ ಸಿಗಲಿಲ್ಲ. ಧಾರಾವಿಯ ಮನೆಯಲ್ಲಿ ಈ ‘ಸ್ವಲ್ಪ ಹೊತ್ತು’ ತಾನಾಗಿಯೇ ಸಿಗುತ್ತದೆ. ಪಾಠ ಓದಿ, ನಲ್ಲಿಯಲ್ಲಿ ನೀರು ಬಂದಾಗ ಹೋಗಿ ಡ್ರಮ್ಮು ತುಂಬಿಸಿ, ಬಂದು ಕೂತು ಐದು ಪದ ಬರೆಯಿರಿ. ಮೂರಕ್ಕೇ ನಿಂತುಹೋದರೆ ಆ ಪಾಠ ಬಂದಿಲ್ಲ. ನೀರು ಹಿಡಿಯಲು ಎಬ್ಬಿಸಿದಳು ಎಂದು ಅವ್ವನ ಮೇಲೆ ಸಿಟ್ಟಾಗಬೇಡಿ.

2. ಚಿತ್ರವಿರುವ ಪಾಠವನ್ನು ಎರಡು ಪಟ್ಟು ಅನುಮಾನಿಸಿ

ಇದು ಹೆಚ್ಚಿನವರಿಗೆ ಉಲ್ಟಾ ಅನ್ನಿಸೀತು. ಚಿತ್ರ ಕೊಡುವುದೇ ತಿಳಿಯಲಿ ಎಂದಲ್ಲವೇ? ಹೌದು, ಒಳ್ಳೆಯ ಚಿತ್ರ ತಿಳಿಯಲು ನೆರವಾಗುತ್ತದೆ. ಆದರೆ ತಿಳಿಯಿತು ಎಂಬ ಅನಿಸಿಕೆ ತಿಳಿವಳಿಕೆಗಿಂತ ಮುಂದೆ ಓಡುತ್ತದೆ. ಮೈಕಲ್ ಸೆರಾ ಮತ್ತು ಡನ್‌ಲೋಸ್ಕಿ 2010ರಲ್ಲಿ ಬರೆದ ಪ್ರಬಂಧದ ಸಾರ ಇಷ್ಟು: ಪಾಠದ ಜೊತೆ ಚಿತ್ರ ಕಂಡರೆ ಓದುಗರು ತಮಗೆ ಹೆಚ್ಚು ಅರ್ಥವಾಗಿದೆ ಎಂದು ಅಂದಾಜಿಸುತ್ತಾರೆ, ಯಾಕೆಂದರೆ ಚಿತ್ರ ಇದ್ದರೆ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ಅವರಿಗೆ ಮುಂಚಿನಿಂದಲೇ ಇರುತ್ತದೆ.

ಹತ್ತನೇ ತರಗತಿಯ ವಿಜ್ಞಾನ ಭಾಗ 1ರಲ್ಲಿರುವ ವಿದ್ಯುತ್ ಮೋಟಾರಿನ ಚಿತ್ರವನ್ನೇ ತೆಗೆದುಕೊಳ್ಳಿ. ಆಚೆ ಈಚೆ ಅಯಸ್ಕಾಂತದ ಎರಡು ಧ್ರುವ, ನಡುವೆ ಚೌಕದ ಸುರುಳಿ, ಕೆಳಗೆ ಒಡಕು ಉಂಗುರ, ಅದಕ್ಕೆ ಒತ್ತಿ ನಿಂತ ಎರಡು ಕಾರ್ಬನ್ ಬ್ರಷ್ಷು, ಒಂದು ಬ್ಯಾಟರಿ. ನೋಡಲು ಚೊಕ್ಕ ಚಿತ್ರ. ಹೆಸರುಗಳನ್ನು ಹುಡುಗರು ಕಣ್ಣುಮುಚ್ಚಿ ಬರೆಯುತ್ತಾರೆ. ಈಗ ಒಂದೇ ಒಂದು ಪ್ರಶ್ನೆ: ಆ ಉಂಗುರ ಒಡೆದಿರುವುದು ಯಾಕೆ? ಇಡೀ ಉಂಗುರ ಹಾಕಿದ್ದರೆ ಏನಾಗುತ್ತಿತ್ತು?

ಇಲ್ಲಿ ನಿಧಾನವಾಗಿ ಹೋಗೋಣ. ವಿದ್ಯುತ್ ಹರಿದಾಗ ಸುರುಳಿಯ ಎಡ ಬದಿಯನ್ನು ಬಲವು ಕೆಳಕ್ಕೆ ತಳ್ಳುತ್ತದೆ, ಇನ್ನೊಂದು ಬದಿಯನ್ನು ಮೇಲಕ್ಕೆ. ಸುರುಳಿ ತಿರುಗಿತು. ಅರ್ಧ ಸುತ್ತಾದ ಮೇಲೆ ಎರಡೂ ಬದಿ ಜಾಗ ಬದಲಿಸಿವೆ. ಮೊದಲು ಎಡಕ್ಕಿದ್ದದ್ದು ಈಗ ಬಲಕ್ಕಿದೆ. ತಂತಿಯಲ್ಲಿ ವಿದ್ಯುತ್ತಿನ ದಿಕ್ಕು ಮೊದಲಿನಂತೆಯೇ ಇದ್ದರೆ ಆ ಬದಿಯನ್ನು ಬಲವು ಮತ್ತೆ ಕೆಳಕ್ಕೇ ತಳ್ಳುತ್ತದೆ, ಅಂದರೆ ಸುರುಳಿಯನ್ನು ಬಂದ ದಾರಿಗೇ ವಾಪಸು ನೂಕುತ್ತದೆ. ಆಚೆ ಈಚೆ ತೂಗಾಡಿ ನಿಂತುಹೋಗುತ್ತದೆಯೇ ಹೊರತು ಸುತ್ತುವುದಿಲ್ಲ. ಉಂಗುರ ಎರಡು ತುಂಡಾಗಿರುವುದರಿಂದ ಅರ್ಧ ಸುತ್ತಿಗೊಮ್ಮೆ ತುಂಡುಗಳು ಬ್ರಷ್ಷು ಬದಲಿಸುತ್ತವೆ, ಸುರುಳಿಯಲ್ಲಿ ವಿದ್ಯುತ್ತಿನ ದಿಕ್ಕು ತಿರುಗುತ್ತದೆ, ತಳ್ಳುವ ಕಡೆಯೂ ತಿರುಗುತ್ತದೆ. ಸುತ್ತು ಮುಂದುವರಿಯುತ್ತದೆ. ಮನೆಯ ಮಿಕ್ಸಿ ನಿಂತಾಗ ರಿಪೇರಿಯವನು ‘ಕಾರ್ಬನ್ ಸವೆದಿದೆ’ ಎಂದು ಹೇಳಿ ಪುಟ್ಟ ಕಪ್ಪು ತುಂಡೊಂದನ್ನು ಬದಲಿಸುತ್ತಾನಲ್ಲ, ಅದು ಈ ಬ್ರಷ್ಷೇ. ಅವನ ಅಂಗಡಿಯ ಮುಂದೆ ನಿಂತು ಬಿಚ್ಚಿದ ಮೋಟಾರು ನೋಡಿ. ಅಲ್ಲಿ ಉಂಗುರ ಎರಡೇ ತುಂಡಲ್ಲ, ಹಲವಾರು ತುಂಡುಗಳಾಗಿರುತ್ತದೆ. ಯಾಕೆ ಎಂದು ಅವನನ್ನೇ ಕೇಳಿ, ಖುಷಿಯಿಂದ ಹೇಳುವವರೂ ಇರುತ್ತಾರೆ.

ಒಟ್ಟಿನಲ್ಲಿ, ಚಿತ್ರದ ಭಾಗಗಳ ಹೆಸರು ಬಂದರೆ ಚಿತ್ರ ಬಂತು ಎಂದು ತಿಳಿಯಬೇಡಿ. ಒಂದು ಭಾಗವನ್ನು ಬೆರಳಿನಿಂದ ಮುಚ್ಚಿ, ಇದು ಇಲ್ಲದಿದ್ದರೆ ಏನಾಗುತ್ತದೆ ಎಂದು ಹೇಳಿ ನೋಡಿ. ಹೇಳಲು ಆದರೆ ಬಂತು.

3. ಬಾಣಗಳನ್ನು ಓದಲು ಕಲಿಯಿರಿ

ಪಠ್ಯಪುಸ್ತಕದಲ್ಲಿ ಬಾಣಕ್ಕೆ ಇರುವಷ್ಟು ಅರ್ಥ ಬೇರೆ ಯಾವ ಗುರುತಿಗೂ ಇಲ್ಲ. ಒಂದು ಕಡೆ ಅದು ನೀರು ಹರಿಯುವ ದಾರಿ, ಇನ್ನೊಂದು ಕಡೆ ‘ಆಮೇಲೆ’, ಮತ್ತೊಂದು ಕಡೆ ‘ಇದರಿಂದಾಗಿ’, ಬೆಳಕಿನ ಪಾಠದಲ್ಲಿ ಕಿರಣ. ಆಹಾರ ಸರಪಳಿಯಲ್ಲಂತೂ ಮಕ್ಕಳು ಬಾಣವನ್ನು ತಿರುಗಿಸಿಬಿಡುತ್ತಾರೆ. ಧಾರಾವಿಯ ಪಕ್ಕದಲ್ಲೇ ಮಹಾರಾಷ್ಟ್ರ ನೇಚರ್ ಪಾರ್ಕ್ ಇದೆ, ಅದರಾಚೆ ಮಾಹಿಮ್ ಖಾಡಿಯ ಕಾಂಡ್ಲ ಗಿಡಗಳು. ಕಾಂಡ್ಲದ ಎಲೆಯನ್ನು ಏಡಿ ತಿನ್ನುತ್ತದೆ, ಏಡಿಯನ್ನು ಹಕ್ಕಿ ತಿನ್ನುತ್ತದೆ. ಬಾಣದ ಮೊನೆ ಯಾವ ಕಡೆಗೆ? ತಿನ್ನುವವನು ಹೋಗಿ ಹಿಡಿಯುತ್ತಾನೆ ಎಂದು ಹಕ್ಕಿಯಿಂದ ಏಡಿಗೆ ಎಳೆಯುವವರೇ ಬಹಳ. ಬಾಣ ಹೋಗಬೇಕಾದದ್ದು ಎಲೆಯಿಂದ ಏಡಿಗೆ, ಏಡಿಯಿಂದ ಹಕ್ಕಿಗೆ, ಶಕ್ತಿ ಸಾಗುವ ಕಡೆಗೆ. ಅಚ್ಚಾದ ಚಿತ್ರ ನೋಡಿದಾಗ ಈ ತಪ್ಪು ಬಯಲಾಗುವುದಿಲ್ಲ. ಖಾಲಿ ಹಾಳೆಯಲ್ಲಿ ಬರೆದಾಗ ಮಾತ್ರ ಬಯಲಾಗುತ್ತದೆ.

ನೆದರ್‌ಲ್ಯಾಂಡ್ಸ್‌ನ ಪ್ರೌಢಶಾಲಾ ಮಕ್ಕಳ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಕಾರಣ-ಪರಿಣಾಮದ ಪಾಠ ಓದಿಸಿ, ಸ್ವಲ್ಪ ಹೊತ್ತು ಬಿಟ್ಟು, ಬಾಣಗಳಿಂದ ಜೋಡಿಸಿದ ಖಾಲಿ ಚೌಕಗಳನ್ನು ತುಂಬಿಸಲು ಹೇಳಿದರು. ಹೀಗೆ ತುಂಬಿಸಿದವರಿಗೆ ತಮಗೆ ಎಷ್ಟು ತಿಳಿದಿದೆ ಎಂಬ ಅಂದಾಜು ಹೆಚ್ಚು ನಿಖರವಾಗಿ ಸಿಕ್ಕಿತು. ಖಾಲಿ ಉಳಿದ ಚೌಕ ಸುಳ್ಳು ಹೇಳುವುದಿಲ್ಲವಲ್ಲ.

ಭಾಗ 2ರ ‘ಹಸಿರು ಶಕ್ತಿಯ ಕಡೆಗೆ’ ಎಂಬ ಪಾಠಕ್ಕೆ ಈ ವಿಧಾನ ಹೇಳಿ ಮಾಡಿಸಿದಂತಿದೆ. ಮೂರು ಸಾಲು ಚೌಕ ಬರೆಯಿರಿ. ಮೊದಲ ಸಾಲು ಟ್ರಾಂಬೆಯಂಥ ಉಷ್ಣಸ್ಥಾವರಕ್ಕೆ. ಎರಡನೆಯದು 1969ರಿಂದ ನಡೆಯುತ್ತಿರುವ ತಾರಾಪುರದ ಅಣುಸ್ಥಾವರಕ್ಕೆ. ಮೂರನೆಯದು 1915ರಿಂದ ಮುಂಬಯಿಗೆ ವಿದ್ಯುತ್ ಕಳಿಸಿದ ಖೋಪೋಲಿಯ ಜಲವಿದ್ಯುತ್ತಿಗೆ. ಮೂರರಲ್ಲೂ ಕೊನೆಯ ಎರಡು ಚೌಕ ಒಂದೇ: ಟರ್ಬೈನು, ಜನರೇಟರು. ಬದಲಾಗುವುದು ಟರ್ಬೈನಿನ ಚಕ್ರವನ್ನು ಯಾರು ತಿರುಗಿಸುತ್ತಾರೆ ಎಂಬುದಷ್ಟೇ. ಕಲ್ಲಿದ್ದಲಿನ ಬೆಂಕಿಯಿಂದ ಎದ್ದ ಉಗಿ, ಅಣು ಒಡೆದ ಶಾಖದಿಂದ ಎದ್ದ ಉಗಿ, ಎತ್ತರದಿಂದ ಬಿದ್ದ ನೀರು. ಈಗ ನಾಲ್ಕನೇ ಸಾಲಿನಲ್ಲಿ ಸೌರಫಲಕ ಬರೆಯಿರಿ. ಟರ್ಬೈನು ಎಲ್ಲಿ? ಇಲ್ಲ. ಆ ‘ಇಲ್ಲ’ ನಿಮ್ಮ ಹಾಳೆಯಲ್ಲಿ ತಾನಾಗಿ ಬಂದಿದ್ದರೆ ಪಾಠ ನಿಜಕ್ಕೂ ತಲೆಗೆ ಹತ್ತಿದೆ.

4. ಅಲಂಕಾರದ ಚಿತ್ರಕ್ಕೆ ಅಂಕ ಕೊಡಬೇಡಿ

ಜ್ವಾಲಾಮುಖಿಯ ಕೆಂಪು ಫೋಟೊ ಚಂದ. ಆದರೆ ಅದು ಹೇಗೆ ಉಕ್ಕುತ್ತದೆ ಎಂದು ಆ ಫೋಟೊ ಹೇಳುವುದಿಲ್ಲ. ಆಲಿಸನ್ ಜೇಗರ್ ಮತ್ತು ಜೆನಿಫರ್ ವೈಲಿ 2014ರಲ್ಲಿ ಕಂಡುಕೊಂಡಂತೆ ಬರೀ ಚೆಂದಕ್ಕಿರುವ ಚಿತ್ರ ಓದುಗರ ಸ್ವಂತ ಅಂದಾಜನ್ನು ಕೆಡಿಸುತ್ತದೆ. ಪುಸ್ತಕದ ಚಿತ್ರಗಳ ಪಕ್ಕದಲ್ಲಿ ಪೆನ್ಸಿಲಿನಿಂದ ‘ಕೆ’ (ಕೆಲಸದ್ದು), ‘ಅ’ (ಅಲಂಕಾರದ್ದು) ಎಂದು ಬರೆದುಕೊಂಡು ಹೋಗಿ. ‘ಅ’ ಇದ್ದಲ್ಲಿ ನಿಲ್ಲಬೇಕಾಗಿಲ್ಲ.

5. ಪಾಠದಲ್ಲಿ ತಪ್ಪು ಹುಡುಕಿ

1979ರಲ್ಲಿ ಎಲೆನ್ ಮಾರ್ಕ್‌ಮನ್ ಎಂಬ ಮನಶ್ಶಾಸ್ತ್ರಜ್ಞೆ ಶಾಲಾ ಮಕ್ಕಳಿಗೆ ಸಣ್ಣ ಸಣ್ಣ ಬರಹ ಓದಿ ಹೇಳಿದರು. ಒಂದು ಬರಹ ಮೀನುಗಳ ಬಗ್ಗೆ. ಸಮುದ್ರದ ತಳದಲ್ಲಿ ಒಂದಿಷ್ಟೂ ಬೆಳಕಿಲ್ಲ ಎಂದು ಅದರಲ್ಲಿತ್ತು. ಅಲ್ಲಿನ ಕೆಲವು ಮೀನುಗಳು ತಮ್ಮ ಆಹಾರವನ್ನು ಬಣ್ಣ ನೋಡಿ ಗುರುತಿಸುತ್ತವೆ ಎಂದೂ ಇತ್ತು. ಕತ್ತಲಲ್ಲಿ ಬಣ್ಣ ಕಾಣುವುದು ಹೇಗೆ? ಮಕ್ಕಳು ತಲೆಯಾಡಿಸಿ ಕೇಳಿಸಿಕೊಂಡರು, ಎಲ್ಲ ಸರಿಯಾಗಿದೆ ಅಂದರು. ಹನ್ನೆರಡು ವರ್ಷದವರೂ ಇಂಥ ಎಷ್ಟೋ ಬರಹಗಳನ್ನು ‘ಅರ್ಥವಾಯಿತು’ ಎಂದು ದಾಟಿಬಿಟ್ಟರು. ಇದರಲ್ಲಿ ಏನೋ ತಪ್ಪಿದೆ ಎಂದು ಮುಂಚೆಯೇ ಹೇಳಿದಾಗ ದೊಡ್ಡ ತರಗತಿಯವರು ಹೆಚ್ಚು ತಪ್ಪು ಹಿಡಿದರು. ಅವರ ಬುದ್ಧಿಗೆ ಆ ಕೆಲಸ ಆಗದ್ದೇನಲ್ಲ, ಹುಡುಕಬೇಕು ಎಂದು ಹೊಳೆದಿರಲಿಲ್ಲ.

ನಮ್ಮ ಶಾಲೆಗಳಲ್ಲಿ ಪುಸ್ತಕದಲ್ಲಿ ತಪ್ಪು ಹುಡುಕುವುದು ಅಧಿಕಪ್ರಸಂಗ ಅನ್ನಿಸಿಕೊಳ್ಳುತ್ತದೆ. ಮನೆಯಲ್ಲಿ ಆಟದಂತೆ ಮಾಡಬಹುದು. ಇಬ್ಬರು ಗೆಳತಿಯರು ಸಾಕು. ಒಬ್ಬಳು ಪಾಠದಿಂದ ಐದು ಸಾಲು ಓದುತ್ತಾಳೆ, ನಡುವೆ ಒಂದನ್ನು ಬೇಕೆಂದೇ ಕೆಡಿಸುತ್ತಾಳೆ. ಉದಾಹರಣೆಗೆ ಮಸೂರದ ಪಾಠ: ‘ಪೀನ ಮಸೂರ ಕಿರಣಗಳನ್ನು ಒಂದೆಡೆ ಸೇರಿಸುತ್ತದೆ. ಸಮೀಪದೃಷ್ಟಿ ಇರುವವರ ಕಣ್ಣಿನಲ್ಲಿ ಬಿಂಬ ರೆಟಿನಾಕ್ಕಿಂತ ಮುಂದೆಯೇ ಮೂಡುತ್ತದೆ. ಅದಕ್ಕೆ ಪೀನ ಮಸೂರದ ಕನ್ನಡಕ ಕೊಡುತ್ತಾರೆ.’ ಮೂರು ಸಾಲೂ ಒಂದೇ ಧಾಟಿಯಲ್ಲಿ ಕಿವಿಗೆ ಬೀಳುತ್ತವೆ, ಸಲೀಸಾಗಿ ಜಾರಿಹೋಗುತ್ತವೆ. ಮೊದಲೇ ಬೇಗ ಸೇರಿಬಿಡುವ ಕಿರಣಗಳನ್ನು ಇನ್ನಷ್ಟು ಬೇಗ ಸೇರಿಸುವ ಕನ್ನಡಕ ಯಾವ ಉಪಕಾರಕ್ಕೆ ಎಂದು ಎದುರಿನವಳು ಕೇಳಿದಳೋ, ಗೆದ್ದಳು. ಬೇಕಾದದ್ದು ನಿಮ್ನ ಮಸೂರ. ತಪ್ಪು ಹುಡುಕುವವಳಿಗಿಂತ ತಪ್ಪು ಸೇರಿಸುವವಳು ಹೆಚ್ಚು ಕಲಿಯುತ್ತಾಳೆ ಎಂದು ನನ್ನ ಗುಮಾನಿ. ನಂಬುವಂಥ ತಪ್ಪು ಕಟ್ಟಬೇಕಾದರೆ ಪಾಠ ಬುಡದವರೆಗೆ ಬರಬೇಕು.

6. ಮತ್ತೆ ಮತ್ತೆ ಓದುವ ಬದಲು ಮುಚ್ಚಿಟ್ಟು ಬರೆಯಿರಿ

ಹಳದಿ ಮಾರ್ಕರು ಹಿಡಿದು ಇಡೀ ಪುಟಕ್ಕೆ ಅರಿಶಿನ ಬಳಿಯುವವರನ್ನು ನೋಡಿದ್ದೇವೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ಪಾಠವನ್ನು ನಾಲ್ಕು ಅವಧಿ ಬರೀ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರು ಅವಧಿ ಪುಸ್ತಕ ನೋಡದೆ ನೆನಪಿದ್ದಷ್ಟು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದಿದ್ದರು: 83 ಶೇಕಡಾ, ಬರೆದವರು 71. ಒಂದು ವಾರ ಬಿಟ್ಟು ಕೇಳಿದಾಗ ಓದಿದವರ ತಲೆಯಲ್ಲಿ ಉಳಿದದ್ದು 40, ಬರೆದವರಲ್ಲಿ 61. ಇದಕ್ಕಿಂತ ಸ್ವಾರಸ್ಯದ ಸಂಗತಿ ಬೇರೆ ಇದೆ. ಒಂದು ವಾರದ ಮೇಲೆ ಎಷ್ಟು ನೆನಪಿರುತ್ತದೆ ಎಂದು ಮುಂಚೆಯೇ ಕೇಳಿದ್ದಾಗ ಹೆಚ್ಚು ಭರವಸೆ ತೋರಿದವರು ಬರೀ ಓದಿದ ಗುಂಪಿನವರೇ!

ಶಾಲೆಯ ಹಳೆಯ ನೋಟ್‌ಬುಕ್ಕಿನ ಹಿಂಬದಿ ಪುಟಗಳು ಇದಕ್ಕೆ ಸಾಕು, ಹೊಸ ಪುಸ್ತಕ ಕೊಳ್ಳಬೇಕಾಗಿಲ್ಲ. ಬರೆಯುವಾಗ ತಿಣುಕಾಡಿದರೆ ‘ನನಗೆ ಬರೋದಿಲ್ಲ’ ಎಂದು ಕುಗ್ಗಬೇಡಿ. ಆ ತಿಣುಕಾಟವೇ ಒಂದು ವಾರದ ನಂತರ ಫಲ ಕೊಡುತ್ತದೆ.

7. ವಿಡಿಯೊದವರ ಮಾತಿನ ಓಘಕ್ಕೆ ಮಾರುಹೋಗಬೇಡಿ

ಬಾಲಭಾರತಿ ಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೂ ಸರಿ, ಯೂಟ್ಯೂಬಿಗೆ ಹೋದರೂ ಸರಿ, ಪಾಠ ಹೇಳುವವರಿಗೆ ಕೊರತೆ ಇಲ್ಲ. ಅವರು ನೀರು ಕುಡಿದ ಹಾಗೆ ಹೇಳುತ್ತಾರೆ. ಕೇಳುವಾಗ ಎಲ್ಲ ತಿಳಿಯುತ್ತದೆ. 2013ರಲ್ಲಿ ಶಾನಾ ಕಾರ್ಪೆಂಟರ್ ಮತ್ತು ಸಂಗಡಿಗರು ಒಂದೇ ಪಾಠದ ಎರಡು ವಿಡಿಯೊ ತೋರಿಸಿದರು. ಮೂರು ಬಣ್ಣದ ಬೆಕ್ಕುಗಳು ಹೆಚ್ಚಾಗಿ ಹೆಣ್ಣೇ ಆಗಿರುವುದೇಕೆ ಎಂಬ ಪಾಠ. ಒಂದರಲ್ಲಿ ಪಾಠ ಹೇಳುವವರು ನಿಂತು, ಕಣ್ಣಿಗೆ ಕಣ್ಣು ಕೊಟ್ಟು, ತಡೆಯಿಲ್ಲದೆ ಮಾತಾಡಿದರು. ಇನ್ನೊಂದರಲ್ಲಿ ಅವರೇ ಅದೇ ಮಾತನ್ನು ತಲೆತಗ್ಗಿಸಿ, ಚೀಟಿ ನೋಡಿ, ತಡವರಿಸಿ ಹೇಳಿದರು. ಚೆನ್ನಾಗಿ ಹೇಳಿದ ವಿಡಿಯೊ ನೋಡಿದವರು ತಾವು ಹೆಚ್ಚು ಕಲಿತೆವು ಎಂದುಕೊಂಡರು. ಪರೀಕ್ಷೆಯಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮ.

ವಿಡಿಯೊ ನೋಡಬೇಡಿ ಎಂದಲ್ಲ. ಮೂರು ನಿಮಿಷಕ್ಕೊಮ್ಮೆ ನಿಲ್ಲಿಸಿ, ಮುಂದೆ ಅವರು ಏನು ಹೇಳುತ್ತಾರೆ ಎಂದು ನೀವೇ ಹೇಳಿ, ಆಮೇಲೆ ಒತ್ತಿ. ಮನೆಯಲ್ಲಿ ಎಲ್ಲರಿಗೂ ಸೇರಿ ಇರುವುದು ಒಂದೇ ಮೊಬೈಲಾದರೆ ಅಣ್ಣ ಕಸಿದುಕೊಳ್ಳುವುದರೊಳಗೆ ನೋಡಿಬಿಡೋಣ ಎಂಬ ಅವಸರ ಇರುತ್ತದೆ, ಗೊತ್ತು. ಆಗ ಅರ್ಧ ವಿಡಿಯೊ ನೋಡಿ, ಉಳಿದರ್ಧದ ಹೊತ್ತಿನಲ್ಲಿ ಬರೆಯಿರಿ.

8. ಓದು ಬಾರದವರಿಗೆ ಪಾಠ ಹೇಳಿ

‘ನಮಗ ಓದಾಕ ಬರಂಗಿಲ್ಲ, ಮಕ್ಕಳಿಗೆ ಏನ್ ಹೇಳಿಕೊಡೋಣ?’ ಎಂದು ತಾಯಂದಿರು ಅನ್ನುವುದುಂಟು. ಹೇಳಿಕೊಡಬೇಕಾಗಿಲ್ಲ, ಕೇಳಿದರೆ ಸಾಕು. ಕಟ್ಟಡದ ಕೆಲಸಕ್ಕೋ ಮನೆಗೆಲಸಕ್ಕೋ ಹೋಗಿ ಬಂದ ಅವ್ವ ರೊಟ್ಟಿ ಬಡಿಯುವಾಗ ಮಗಳು ಪಕ್ಕದಲ್ಲಿ ಕೂತು ಹೇಳಲಿ. ಅವ್ವನಿಗೆ ಬೇಕಾದ ಪ್ರಶ್ನೆ ಎರಡೇ: ‘ಯಾಕ?’ ಮತ್ತು ‘ಆಮ್ಯಾಲ?’

ಇದರಲ್ಲಿ ಒಂದು ಗುಟ್ಟಿದೆ. ಟೀಚರಿಗೆ ಅರ್ಧ ಉತ್ತರ ಹೇಳಿದರೂ ಉಳಿದರ್ಧವನ್ನು ಅವರೇ ಮನಸ್ಸಿನಲ್ಲಿ ತುಂಬಿಕೊಂಡು ‘ಸರಿ, ಕೂತ್ಕೋ’ ಅನ್ನುತ್ತಾರೆ, ಯಾಕೆಂದರೆ ಅವರಿಗೆ ಉತ್ತರ ಗೊತ್ತು. ಅವ್ವನಿಗೆ ಗೊತ್ತಿಲ್ಲ, ಹಾಗಾಗಿ ಅವಳು ಖಾಲಿ ಜಾಗ ತುಂಬುವುದಿಲ್ಲ. ‘ಲಸಿಕೆ ಹಾಕಿದರೆ ರೋಗ ಬರೋದಿಲ್ಲ’ ಎಂದು ಮಗಳು ಹೇಳಿದರೆ ‘ಯಾಕ ಬರೂದಿಲ್ಲ?’ ಎಂದು ಕೇಳುತ್ತಾಳೆ. ‘ಪ್ರತಿಕಾಯ ಉತ್ಪತ್ತಿಯಾಗ್ತವೆ.’ ‘ಹಂಗಂದ್ರೇನ ಯವ್ವಾ?’ ಇಲ್ಲಿಂದ ಮುಂದೆ ಪುಸ್ತಕದ ಮಾತು ನಡೆಯುವುದಿಲ್ಲ. ಸತ್ತ ಅಥವಾ ಬಲ ಕುಂದಿಸಿದ ರೋಗಾಣುವನ್ನು ಮೈಗೆ ಒಮ್ಮೆ ತೋರಿಸಿಟ್ಟರೆ, ನಿಜವಾದದ್ದು ಬಂದಾಗ ಮೈ ಅದನ್ನು ಗುರುತು ಹಿಡಿದು ಬೇಗ ಎದುರಿಸುತ್ತದೆ ಎಂದು ಮನೆಮಾತಿನಲ್ಲಿ ಹೇಳಲು ಬಂತೋ, ಸರಿ. ಬರಲಿಲ್ಲವೋ, ಎಲ್ಲಿ ಬಾಯಿ ಕಟ್ಟಿತು ಎಂಬುದನ್ನು ಅಲ್ಲೇ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಬೇಕು.

ಮಿಶೆಲೀನ್ ಚೀ ಎಂಬ ಸಂಶೋಧಕಿ ಸಂಗಡಿಗರೊಂದಿಗೆ 1989ರಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗಳನ್ನು ಗಮನಿಸಿದಾಗಲೂ ಇಂಥದೇ ಕಂಡಿತ್ತು. ಚೆನ್ನಾಗಿ ಕಲಿತವರು ಬಿಡಿಸಿದ ಲೆಕ್ಕ ಓದುವಾಗ ತಮಗೆ ತಾವೇ ಹೆಚ್ಚು ವಿವರಿಸಿಕೊಳ್ಳುತ್ತಿದ್ದರು, ‘ಇದು ನನಗೆ ತಿಳಿಯಲಿಲ್ಲ’ ಎಂದೂ ಹೆಚ್ಚು ಸಲ ಹೇಳುತ್ತಿದ್ದರು. ಹಿಂದೆ ಬಿದ್ದವರು ತಿಳಿಯಲಿಲ್ಲ ಎಂದದ್ದೇ ಅಪರೂಪ. ತಂದೆ ತಾಯಿಗಳು ಈ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಬೇಕು. ‘ತಿಳೀಲಿಲ್ಲ’ ಎನ್ನುವ ಮಗುವಿಗೆ ಬೈಯುವ ಮನೆಯಲ್ಲಿ ಮಗು ‘ಎಲ್ಲಾ ತಿಳದದ’ ಎನ್ನಲು ಕಲಿಯುತ್ತದೆ.

9. ಉತ್ತರದ ಪಕ್ಕದಲ್ಲಿ ಅಂದಾಜು ಬರೆಯಿರಿ, ಆಮೇಲೆ ತಪ್ಪಿದ ಕಡೆ ಮಾತ್ರ ಹೋಗಿ

ವಿಜ್ಞಾನದ ಎರಡು ಭಾಗಕ್ಕೂ 40-40 ಅಂಕದ ಪತ್ರಿಕೆ. ಹಿಂದಿನ ವರ್ಷದ ಒಂದು ಪತ್ರಿಕೆ ತೆಗೆದುಕೊಳ್ಳಿ. ಪ್ರತಿ ಉತ್ತರ ಬರೆದ ಮೇಲೆ ಬದಿಯಲ್ಲಿ ನಿಮ್ಮ ಅಂದಾಜಿನ ಅಂಕ ಬರೆಯಿರಿ. ತಿದ್ದಿಸಿದ ಮೇಲೆ ಎರಡನ್ನೂ ಎದುರುಬದುರು ಇಟ್ಟು ನೋಡಿ. ಅಂದಾಜು ಮೂರು, ಬಂದದ್ದು ಒಂದು ಎಂದಿರುವ ಪ್ರಶ್ನೆಗಳೇ ಚಿನ್ನ. ಅಂದಾಜು ಸೊನ್ನೆ, ಬಂದದ್ದೂ ಸೊನ್ನೆ ಎಂದಿರುವವು ನಿಮಗೆ ಮುಂಚೆಯೇ ಗೊತ್ತಿದ್ದ ಸುದ್ದಿ. ಜಸ್ಟಿನ್ ಕ್ರೂಗರ್ ಮತ್ತು ಡೇವಿಡ್ ಡನಿಂಗ್ 1999ರಲ್ಲಿ ತೋರಿಸಿದ್ದು ಈಗ ಮನೆಮಾತಾಗಿದೆ: ಅಂದಾಜು ಹೆಚ್ಚು ತಪ್ಪುವುದು ಅಂಕ ಕಡಿಮೆ ಬಂದವರಲ್ಲೇ. ಅದಕ್ಕೇ ತರಗತಿಯಲ್ಲಿ ಹಿಂದಿರುವವರಿಗೆ ಈ ಅಂದಾಜಿನ ಲೆಕ್ಕ ಹೆಚ್ಚು ಉಪಯೋಗ.

ಮೊದಲ ಸೂತ್ರದಲ್ಲಿ ಹೇಳಿದ ಥೀಡ್ ಪ್ರಯೋಗದ ಮುಂದಿನ ಭಾಗ ಇಲ್ಲಿ ಬೇಕು. ಯಾವ ಪಾಠ ಮತ್ತೆ ಓದುತ್ತೀರಿ, ನೀವೇ ಆರಿಸಿಕೊಳ್ಳಿ ಎಂದು ಓದುಗರಿಗೆ ಬಿಟ್ಟರು. ಅಂದಾಜು ಸರಿಯಿದ್ದವರು ನಿಜಕ್ಕೂ ಬಾರದ ಪಾಠಗಳನ್ನೇ ಆರಿಸಿಕೊಂಡರು, ಕೊನೆಯ ಪರೀಕ್ಷೆಯಲ್ಲಿ ಅವರ ಅಂಕ ಏರಿತು. ಅಂದಾಜು ತಪ್ಪಿದ್ದವರ ಆಯ್ಕೆಯಲ್ಲಿ ಬಂದ ಪಾಠ, ಬಾರದ ಪಾಠ ಎಂಬ ಭೇದ ಅಷ್ಟಾಗಿ ಇರಲಿಲ್ಲ.

ಹತ್ತು ಅಡಿ ಉದ್ದ ಹತ್ತು ಅಡಿ ಅಗಲದ ಖೋಲಿಯಲ್ಲಿ ಐದಾರು ಜನ, ಪಕ್ಕದಲ್ಲಿ ಮಷೀನಿನ ಸದ್ದು, ಕೂತು ಓದಲು ಸಿಗುವುದು ರಾತ್ರಿ ಎಲ್ಲರೂ ಮಲಗಿದ ಮೇಲಿನ ಎರಡು ಗಂಟೆ ಎಂದಿಟ್ಟುಕೊಳ್ಳಿ. ಮೊದಲ ಇಪ್ಪತ್ತು ನಿಮಿಷ ಪುಸ್ತಕ ತೆರೆಯಬೇಡಿ. ಪಾಠಗಳ ಹೆಸರು ಬರೆದು, ಒಂದೊಂದರ ಮುಂದೆ ನೆನಪಿದ್ದ ಐದು ಪದ, ಒಂದು ಚಿತ್ರ ಬರೆಯಿರಿ. ಚಿತ್ರ ಅರ್ಧಕ್ಕೆ ನಿಂತ ಪಾಠ ಮೊದಲು ತೆರೆಯಿರಿ, ಪದ ಮಾತ್ರ ತಪ್ಪಿದ ಪಾಠ ಆಮೇಲೆ. ಎರಡೂ ಸಲೀಸಾಗಿ ಬಂದ ಪಾಠವನ್ನು, ಎಷ್ಟೇ ಇಷ್ಟದ್ದಾದರೂ, ಈವತ್ತು ಮುಟ್ಟಬೇಡಿ.